ದದ್ದು ಕೆಂಪಗೇ ಇರಬೇಕಾ?

ಅಮದಳ್ಳಿಯ ನಮ್ಮ ಮನೆಗಳಲ್ಲಿ ಮೈಮೇಲೆ ದದ್ದು ಎದ್ದರೆ ‘ಪಿತ್ತ ಆಗಿದೆ’ ಅಂತಾರೆ. ಆದರೆ ಕೋವಿಡ್ ಬಂದ ಕೆಲವರಿಗೂ ದದ್ದು ಏಳುತ್ತದೆ. 2020ರಲ್ಲಿ ಸ್ಪೇನಿನ ವೈದ್ಯರು 375 ರೋಗಿಗಳಲ್ಲಿ ಐದು ಬಗೆ ಗುರುತಿಸಿದರು: ಚಪ್ಪಟೆ ಅಥವಾ ಸ್ವಲ್ಪ ಉಬ್ಬಿದ ದದ್ದು (ಶೇ 47), ಪಿತ್ತಗಂಧೆ (ಶೇ 19), ಬೆರಳುಗಳ ಊತ (ಶೇ 19), ನೀರುಗುಳ್ಳೆ (ಶೇ 9), ಬಲೆಯಂಥ ಕಲೆ (ಶೇ 6).

ಓದಿದ ಕಡೆಯೆಲ್ಲ ‘ಕೆಂಪು’ ಅಂತಲೇ ಇರುತ್ತದೆ. ನಮ್ಮಂಥ ಕಂದು, ಕಪ್ಪು ಚರ್ಮದಲ್ಲಿ ಅದು ನೇರಳೆ ಅಥವಾ ಇನ್ನೂ ಕಪ್ಪಾಗಿ ಕಾಣಬಹುದು. ಅದೇ ವರ್ಷ ವೈದ್ಯಕೀಯ ಲೇಖನಗಳ 130 ಫೋಟೊ ಪರಿಶೀಲಿಸಿದಾಗ ಕಡುಕಂದು, ಕಪ್ಪು ಚರ್ಮದ್ದು ಒಂದೂ ಸಿಗಲಿಲ್ಲ!

ಹಾಗಾಗಿ ಊರಿಂದ ಅಜ್ಜಿ ಫೋನಲ್ಲಿ ‘ಕೆಂಪಾಗಿಲ್ಲ ಬಿಡು’ ಅಂದ್ರೂ ಉಬ್ಬು, ತುರಿಕೆ, ನೋವು ಇದೆಯಾ ಅಂತ ಕೇಳೋಣ. ದದ್ದು ನೋಡಿಯೇ ಕೋವಿಡ್ ಅನ್ನೋಕಾಗಲ್ಲ. ಜ್ವರ, ಕೆಮ್ಮೂ ಇದ್ದರೆ ಪರೀಕ್ಷೆ ಮಾಡಿಸೋಣ.