ಕಾಳುಗಳ ಲೆಕ್ಟಿನ್ ಮತ್ತು ಥೈರಾಯ್ಡ್ ಗ್ರಂಥಿ

ಕಾಳುಗಳಲ್ಲಿ ಲೆಕ್ಟಿನ್ ಎಂಬ ವಿಷವಿದೆ, ಥೈರಾಯ್ಡ್ ತೊಂದರೆಯುಳ್ಳವರು ಅವನ್ನು ಮುಟ್ಟಬಾರದು ಎಂಬ ಮಾತು ಈಚೆಗೆ ಕೇಳಿಬರುತ್ತಿದೆ. ಇದನ್ನು ನಂಬಿ ಅವರೆ, ಹುರುಳಿ, ಅಲಸಂದೆಗಳನ್ನು ತೊರೆದವರೂ ಉಂಟು. ಈ ಮಾತಿನಲ್ಲಿ ನಿಜವೆಷ್ಟೆಂಬುದನ್ನು ಸದ್ಭಕ್ತರು ವಿಚಾರಿಸಿ ತಿಳಿಯುವುದು ಒಳಿತು.

ಕೊರಳಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಮುಖ್ಯವಾಗಿ ಪಿಟ್ಯುಟರಿ ಗ್ರಂಥಿಯ ಆಜ್ಞೆಯಂತೆ ನಡೆಯುತ್ತದೆ. ಪಿಟ್ಯುಟರಿಯು ಟಿಎಸ್‌ಎಚ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಥೈರಾಯ್ಡ್ ಕೋಶದ ಹೊರಮೈಯಲ್ಲಿರುವ ಗ್ರಾಹಕವನ್ನು ಸೇರಿದಾಗ, ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕವು ಹೆಚ್ಚುತ್ತದೆ. ಆಗ ಕೋಶವು ಅಯೋಡಿನ್ ಅಂಶವನ್ನು ಹೀರಿಕೊಂಡು ಟಿ4 ಮತ್ತು ಟಿ3 ಹಾರ್ಮೋನುಗಳನ್ನು ತಯಾರಿಸುತ್ತದೆ. ಟಿಎಸ್‌ಎಚ್ ಮತ್ತು ಅದರ ಗ್ರಾಹಕ ಎರಡೂ ಸಕ್ಕರೆಯ ಸರಪಳಿಗಳನ್ನು ಹೊತ್ತ ಪ್ರೋಟೀನುಗಳು.

ಇಂಥ ಸರಪಳಿಗಳನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳೇ ಲೆಕ್ಟಿನ್‌ಗಳು. 'ಆರಿಸು' ಎಂಬರ್ಥದ ಲ್ಯಾಟಿನ್ ಪದದಿಂದ ಈ ಹೆಸರನ್ನು 1954ರಲ್ಲಿ ವಿಲಿಯಂ ಬಾಯ್ಡ್ ಇಟ್ಟರು. 1919ರಲ್ಲಿ ಜೇಮ್ಸ್ ಸಮ್ನರ್ ಅವರು ಜ್ಯಾಕ್ ಬೀನ್ ಬೀಜದಿಂದ ಬೇರ್ಪಡಿಸಿದ ಕಾನ್‌ಕನವಾಲಿನ್-ಎ ಮ್ಯಾನೋಸ್ ಸಕ್ಕರೆಯನ್ನು ಹಿಡಿಯುತ್ತದೆ. ನಮ್ಮ ಹಲಸಿನ ಬೀಜದ ಜಾಕಲಿನ್ ಗ್ಯಾಲಕ್ಟೋಸನ್ನು ಹಿಡಿಯುತ್ತದೆ. ಪ್ರಯೋಗಾಲಯದಲ್ಲಿ ಲೆಕ್ಟಿನ್ ಕೋಶದ ಹೊರಮೈಗೆ ಅಂಟಿಕೊಂಡಾಗ, ಟಿಎಸ್‌ಎಚ್‌ನ ಕರೆಗೆ ಕೋಶವು ಓಗೊಡುವ ಬಗೆ ಬದಲಾಗಬಲ್ಲದು. ಆದ್ದರಿಂದಲೇ ಸಕ್ಕರೆಯ ಸರಪಳಿಗಳ ಪಾತ್ರವನ್ನರಿಯಲು ವಿಜ್ಞಾನಿಗಳು ಲೆಕ್ಟಿನ್‌ಗಳನ್ನು ಸಾಧನವಾಗಿ ಬಳಸುತ್ತಾರೆ.

ಆದರೆ ಅಲ್ಲಿ ಶುದ್ಧೀಕರಿಸಿದ ಲೆಕ್ಟಿನ್ ನೇರವಾಗಿ ಕೋಶಗಳ ಮೇಲೆ ಬೀಳುತ್ತದೆ. ಇಲ್ಲಿ ನಾವು ಉಣ್ಣುವುದು ಬೇಯಿಸಿದ ಕಾಳು. ಕಾಳಿನ ಲೆಕ್ಟಿನ್ ಚೆನ್ನಾಗಿ ಕುದಿಸಿದಾಗ ತನ್ನ ರೂಪ ಕಳೆದುಕೊಂಡು ನಿಷ್ಕ್ರಿಯವಾಗುತ್ತದೆ. ಹೀಗಾಗಿ ಪ್ರಯೋಗಾಲಯದ ಫಲಿತಾಂಶವನ್ನು ಊಟದ ತಟ್ಟೆಗೆ ಹಾಗೆಯೇ ಅನ್ವಯಿಸುವುದು ಸಲ್ಲದು.

ಎಚ್ಚರಿಕೆ ಬೇಕಾದದ್ದು ಅಡುಗೆಯಲ್ಲಿ. ಹಸಿಯ ಅಥವಾ ಅರೆಬೆಂದ ಕೆಂಪು ರಾಜ್ಮಾ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿಗಳನ್ನು ತರಬಲ್ಲದು. ಅದನ್ನು ಕನಿಷ್ಠ 5 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತನೆ ಕುದಿಸಬೇಕು. ಸಣ್ಣ ಉರಿಯ ಬಿಸಿ ಸಾಲದು.

ಥೈರಾಯ್ಡ್ ಮಾತ್ರೆ ಸೇವಿಸುವವರು ಅದನ್ನು ಖಾಲಿ ಹೊಟ್ಟೆಯಲ್ಲಿ, ವೈದ್ಯರು ಹೇಳಿದ ಪ್ರಮಾಣದಲ್ಲಿ ತಪ್ಪದೆ ತೆಗೆದುಕೊಳ್ಳಬೇಕು. ಕಾಳು ಬಿಟ್ಟೆವೆಂದು ಮಾತ್ರೆಯನ್ನೂ ಬಿಟ್ಟರೆ ಕಾಯಿಲೆ ಉಲ್ಬಣಿಸುತ್ತದೆ. ಪೋಷಕವಾದ ಕಾಳನ್ನು ಹೆದರಿ ತ್ಯಜಿಸದೆ, ಚೆನ್ನಾಗಿ ಬೇಯಿಸಿ ಹಿತಮಿತವಾಗಿ ಉಣ್ಣುವುದೇ ವಿವೇಕ.