ಪರಿಶುದ್ಧೀಕರಣವೆಂದರೇನು?



ಪರಿಶುದ್ಧೀಕರಣವೆಂಬ ಮಾತನ್ನು ನಾವು ದೇವಾಲಯದಲ್ಲಿ ಅನೇಕಾವರ್ತಿ ಕೇಳಿದ್ದೇವೆ. ಆದರೆ ಅದರ ಅರ್ಥವೇನೆಂದು ಯಾರಾದರೂ ವಿಚಾರಿಸಿದರೆ, ಕೆಟ್ಟದ್ದನ್ನು ಮುಟ್ಟದೆ ದೂರವಾಗಿರುವದೇ ಎಂದು ನಮ್ಮಲ್ಲಿ ಬಹುಮಂದಿ ಉತ್ತರ ಕೊಡುವೆವು. ಈ ಉತ್ತರದಲ್ಲಿ ಸತ್ಯಾಂಶವುಂಟು, ಪೂರ್ಣ ಸತ್ಯವಿಲ್ಲ. ಆದದರಿಂದ ಸತ್ಯವೇದದ ಆಧಾರದಿಂದ ಈ ವಿಷಯವನ್ನು ಮೂರು ಭಾಗವಾಗಿ ಆಲೋಚಿಸೋಣ.

1. ಪರಿಶುದ್ಧವಾಗುವದೆಂದರೆ ದೇವರ ಸ್ವತ್ತಾಗುವದು

ಹಳೇ ಒಡಂಬಡಿಕೆಯ ಇಬ್ರಿಯ ಭಾಷೆಯಲ್ಲಿ ಪರಿಶುದ್ಧ ಎಂಬದಕ್ಕೆ 'ಕಾದೋಷ್' ಎಂಬ ಶಬ್ದವಿದೆ. ದೇವರಿಗಾಗಿ ಪ್ರತ್ಯೇಕಿಸಲ್ಪಟ್ಟದ್ದು ಎಂಬ ಭಾವವು ಅದರಲ್ಲಿ ಅಡಗಿದೆ. ದೇವದರ್ಶನದ ಗುಡಾರವನ್ನೂ ಮೇಜನ್ನೂ ದೀಪಸ್ತಂಭವನ್ನೂ ಅವುಗಳ ಉಪಕರಣಗಳನ್ನೂ ತೈಲದಿಂದ ಅಭಿಷೇಕಿಸಿ ಪರಿಶುದ್ಧಮಾಡಬೇಕೆಂದು ಮೋಶೆಗೆ ಅಪ್ಪಣೆಯಾಯಿತು (ವಿಮೋಚನಕಾಂಡ 30:26-29). ತೈಲವು ಬಿದ್ದದ್ದರಿಂದ ಆ ಪಾತ್ರೆಗಳ ಲೋಹವು ಬದಲಾಗಲಿಲ್ಲ. ಅವು ಯಾರ ಸೇವೆಗೆ ಇರತಕ್ಕವು ಎಂಬದು ಗೊತ್ತಾಯಿತು.

ಅದರಂತೆಯೇ ಪೌಲನು ಕೊರಿಂಥದ ಸಭೆಯವರನ್ನು ಕ್ರಿಸ್ತ ಯೇಸುವಿನಲ್ಲಿ ಪರಿಶುದ್ಧರಾದವರೆಂದು ಪತ್ರದ ಆರಂಭದಲ್ಲಿಯೇ ಕರೆಯುತ್ತಾನೆ. ಅದೇ ಅಧ್ಯಾಯದಲ್ಲಿ ಅವರ ಜಗಳಗಳ ಸಮಾಚಾರವನ್ನೂ ಎತ್ತುತ್ತಾನೆ (1 ಕೊರಿಂಥ 1:2, 11). ಮೊದಲು ಕ್ರಿಸ್ತನವರಾಗುವದು, ಆ ಮೇಲೆ ಆತನವರಿಗೆ ತಕ್ಕಂತೆ ನಡೆಯುವದು. ಈ ಕ್ರಮವನ್ನು ತಿರುಗಿಸಿ, ನಮ್ಮ ಒಳ್ಳೇ ನಡತೆಯಿಂದ ದೇವರ ಕೃಪೆಯನ್ನು ಕೊಂಡುಕೊಳ್ಳುವೆವೆಂದು ಯಾರೂ ನೆನಸಬಾರದು.

2. ಇದು ಜೀವಮಾನದ ಕೆಲಸ

ನಂಬಿದವನು ಕ್ರಿಸ್ತನ ನಿಮಿತ್ತ ನೀತಿವಂತನೆಂದು ಎಣಿಸಲ್ಪಡುವದು ಒಂದೇ ಸಾರಿ. ಆದರೆ ಅವನ ಕೋಪ, ನಾಲಿಗೆ, ಹಣದಾಸೆ, ಹಠ ಇವುಗಳೆಲ್ಲಾ ಪವಿತ್ರಾತ್ಮನಿಗೆ ಅಧೀನವಾಗುವದಕ್ಕೆ ಬಹುಕಾಲ ಹಿಡಿಯುತ್ತದೆ. ಸೆರೆಮನೆಯಿಂದ ಬರೆಯುವಾಗಲೂ ಪೌಲನು, ತಾನು ಇನ್ನೂ ಗುರಿ ಮುಟ್ಟಿದವನಲ್ಲವೆಂದು ಒಪ್ಪಿಕೊಂಡನು (ಫಿಲಿಪ್ಪಿ 3:12). ಈ ಕೆಲಸದಲ್ಲಿ ನಮ್ಮ ಪ್ರಯಾಸವೂ ಬೇಕು. ಆದರೆ ಆ ಪ್ರಯಾಸಕ್ಕೆ ಮನಸ್ಸನ್ನೂ ಬಲವನ್ನೂ ಕೊಡುವಾತನು ದೇವರೇ (ಫಿಲಿಪ್ಪಿ 2:12-13).

ಮರಣದ ವರೆಗೂ ವಿಶ್ವಾಸಿಯಲ್ಲಿ ಪಾಪದೊಡನೆ ಹೋರಾಟವು ಮುಗಿಯದೆಂದು ಕಾಲ್ವಿನನು ಬೋಧಿಸಿದನು. ಜಾನ್ ವೆಸ್ಲಿಯಾದರೋ 1766ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪೂರ್ಣ ಪ್ರೀತಿಯು ಹೃದಯವನ್ನು ಆಳುವ ಸ್ಥಿತಿಯನ್ನು ಈ ಲೋಕದಲ್ಲಿಯೇ ನಿರೀಕ್ಷಿಸಬಹುದೆಂದು ವಾದಿಸಿದನು. ಭೇದವು ಸಣ್ಣದಲ್ಲ. ಆದರೂ ಇದು ಕೃಪೆಯ ಕಾರ್ಯವೆಂಬದರಲ್ಲಿಯೂ, ಇದರ ಫಲವು ಪ್ರೀತಿಯೆಂಬದರಲ್ಲಿಯೂ ಇಬ್ಬರೂ ಒಂದೇ ಮನಸ್ಸುಳ್ಳವರು.

3. ಪರಿಶುದ್ಧತೆಯು ಮುಟ್ಟುವದಕ್ಕೆ ಹೆದರುವದಿಲ್ಲ

ಮೀಸಲಿನ ಮಾಂಸವನ್ನು ಸೆರಗಿನಲ್ಲಿ ಕಟ್ಟಿಕೊಂಡವನು ರೊಟ್ಟಿಗೆ ಸೆರಗನ್ನು ತಾಕಿಸಿದರೆ ರೊಟ್ಟಿಯು ಮೀಸಲಾಗದು. ಹೆಣ ಮುಟ್ಟಿದವನು ತಾಕಿದರೆ ಅದು ಅಶುದ್ಧವಾಗುವದು. ಹಗ್ಗಾಯ ಪ್ರವಾದಿಯು ಕೇಳಿದಾಗ ಯಾಜಕರು ಕೊಟ್ಟ ತೀರ್ಪು ಇದೇ (ಹಗ್ಗಾಯ 2:12-13). ಮಡಿಮೈಲಿಗೆಗಳ ನಡುವೆ ಬೆಳೆದ ನಮಗೆ ಈ ಲೆಕ್ಕವು ಹೊಸದಲ್ಲ. ಆದರೆ ನಮ್ಮ ಕರ್ತನು ಕುಷ್ಠರೋಗಿಯನ್ನು ಕೈನೀಡಿ ಮುಟ್ಟಿದಾಗ ಅಶುದ್ಧತೆಯು ಕರ್ತನಿಗೆ ಹತ್ತಲಿಲ್ಲ. ರೋಗಿಯೇ ಶುದ್ಧನಾದನು (ಮಾರ್ಕ 1:40-42). ತನ್ನ ಶಿಷ್ಯರನ್ನು ಲೋಕದೊಳಗಿಂದ ತೆಗೆದುಬಿಡೆಂದು ಆತನು ತಂದೆಯನ್ನು ಬೇಡಲಿಲ್ಲ. ಅವರನ್ನು ಕೇಡಿನಿಂದ ಕಾಪಾಡಿ ಸತ್ಯದಲ್ಲಿ ಪ್ರತಿಷ್ಠಿಸಬೇಕೆಂದೇ ಬೇಡಿದನು (ಯೋಹಾನ 17:15-17).

ಇಲ್ಲಿ ನಮ್ಮ ತಪ್ಪನ್ನು ಮರೆಮಾಡದೆ ಹೇಳಬೇಕಾಗಿದೆ. ನಮ್ಮ ಮನೆಯ ಹಿತ್ತಲನ್ನು ಗುಡಿಸಲು ಬರುತ್ತಿದ್ದ ಮುದುಕಿಗೆ ಒಂದು ಲೋಟವನ್ನು ಹೊರಗಿನ ಕಿಟಕಿಯ ಮೇಲೆ ಬೇರೆಯಾಗಿ ಇಟ್ಟಿದ್ದೆವು. ಹಿಂದಿನಿಂದ ನಡೆದುಬಂದ ಪದ್ಧತಿ. ಅದನ್ನು ಕುರಿತು ನಾವು ಯೋಚಿಸಿಯೇ ಇರಲಿಲ್ಲ. ಒಂದು ಭಾನುವಾರ, ಕರ್ತನ ಭೋಜನದಲ್ಲಿ ಪಾಲುಹೊಂದಿ ಮನೆಗೆ ಬಂದಾಗ, ನಮ್ಮ ಚಿಕ್ಕ ಮಗಳು ಆ ಲೋಟವನ್ನು ತೋರಿಸಿ, "ಅಮ್ಮಾ, ಇದು ಯಾಕೆ ಒಳಗೆ ಬರಬಾರದು?" ಎಂದಳು. ನಮಗೆ ಉತ್ತರ ತೋಚಲಿಲ್ಲ. ಒಬ್ಬನು ಹಸಿದಿರುವಾಗ ಮತ್ತೊಬ್ಬನು ಕುಡಿದು ಮತ್ತನಾಗುವ ಭೋಜನವು ಕರ್ತನ ಭೋಜನವಲ್ಲವೆಂದು ಕೊರಿಂಥದವರಿಗೆ ಬರೆದ ಮಾತು ನಮ್ಮ ಮನೆಗೇ ಬಂದಂತಾಯಿತು (1 ಕೊರಿಂಥ 11:20-21). ಆ ದಿನ ಲೋಟವನ್ನು ಒಳಗೆ ತಂದೆವು. ಮರುದಿನ ಮುದುಕಿಯು ಒಳಗೆ ಕೂತು ಕಾಫಿ ಕುಡಿಯಲು ಬಹಳ ಸಂಕೋಚಪಟ್ಟಳು. ಅವಳಿಗಿಂತ ನಮಗೇ ಹೆಚ್ಚು ನಾಚಿಕೆಯಾಯಿತು.

ತಾಯಂದಿರೇ, ಮಕ್ಕಳಿಗೆ ಪ್ರಾರ್ಥನೆಯನ್ನೂ ಬಾಯಿಪಾಠವನ್ನೂ ಕಲಿಸುವದು ಒಳ್ಳೇದು. ಆದರೆ ನಾವು ಯಾರನ್ನು ಹೊರಗೆ ಕೂಡಿಸುತ್ತೇವೆಂಬದನ್ನೂ ಅವರು ನೋಡಿ ಕಲಿಯುತ್ತಾರೆ.

ಹಳೇ ವಿದ್ಯಾರ್ಥಿನಿಯರೇ, ವಸತಿಗೃಹದಲ್ಲಿ ಪಾತ್ರೆ ಬೆಳಗುವ ಸರದಿ ನಿಮಗೆ ನೆನಪಿರಬಹುದು. ಹುಣಸೆಹಣ್ಣು, ಬೂದಿ ಹಾಕಿ ಕೈ ಸೋಲುವ ವರೆಗೆ ತಿಕ್ಕಿದ ಹಿತ್ತಾಳೆಯ ಪಾತ್ರೆಯನ್ನು ನಾವು ಅಂದಕ್ಕಾಗಿ ಬಚ್ಚಿಡಲಿಲ್ಲ. ಹಸಿದವರಿಗೆ ಅದರಲ್ಲಿಯೇ ಗಂಜಿ ಬಡಿಸಿದೆವು. ಮರುದಿನ ಪುನಃ ಬೆಳಗಬೇಕಾಯಿತು. ನಮ್ಮ ಕರ್ತನು ನಮ್ಮನ್ನೂ ದಿನದಿನವು ಹೀಗೆಯೇ ಶುದ್ಧಮಾಡಿ ತನ್ನ ಮನೆಯ ಉಪಯೋಗಕ್ಕೆ ತೆಗೆದುಕೊಳ್ಳಲಿ.