ನೆತ್ತಿಗೆ ಸುರಿಯುವ ಹಣ

ನಮ್ಮ ವಂಶದ ಪುರುಷರಿಗೆ ನಲವತ್ತು ತುಂಬುವುದರೊಳಗಾಗಿ ನೆತ್ತಿ ಬಯಲಾಗುವುದು ಪಿತ್ರಾರ್ಜಿತದಷ್ಟೇ ನಿಶ್ಚಿತವಾದದ್ದು. ಆ ಪಾಲು ನನಗೂ ಒದಗಿದಾಗ, ಅಂಗಡಿಗಳಲ್ಲಿ ದೊರೆಯುವ ನಾನಾ ಲೇಪನಗಳಲ್ಲಿ ಯಾವುದಕ್ಕೆ ಹಣ ತೆರುವುದು ಯುಕ್ತವೆಂಬುದನ್ನು ಜಮಾಖರ್ಚಿನ ಪುಸ್ತಕವನ್ನು ಮುಂದಿಟ್ಟುಕೊಂಡೇ ವಿಚಾರಮಾಡತೊಡಗಿದೆನು.

ಇವುಗಳಲ್ಲಿ ಪರೀಕ್ಷೆಯ ಒರೆಗಲ್ಲಿಗೆ ಹೆಚ್ಚಾಗಿ ಒಳಪಟ್ಟಿರುವುದು ಮಿನಾಕ್ಸಿಡಿಲ್. ರಕ್ತದೊತ್ತಡದ ಮಾತ್ರೆಯಾಗಿ ಬಳಕೆಗೆ ಬಂದ ಈ ಔಷಧವು, ಸೇವಿಸಿದವರ ಮೈಮೇಲೆ ಎಲ್ಲೆಂದರಲ್ಲಿ ರೋಮವನ್ನು ಬೆಳೆಸುತ್ತಿದ್ದುದು ಕಂಡುಬರಲಾಗಿ, ಅಮೆರಿಕದ ಅಪ್‌ಜಾನ್ ಕಂಪನಿಯವರು ಅದನ್ನೇ ನೆತ್ತಿಗೆ ಹಚ್ಚುವ ದ್ರಾವಣವನ್ನಾಗಿ ಮಾಡಿ, 1988ರಲ್ಲಿ ಶೇಕಡ 2ರ ಪ್ರಮಾಣದಲ್ಲಿ ಮಾರಲು ಅಲ್ಲಿನ ಸರಕಾರದ ಅನುಮತಿ ಪಡೆದರು. ಇಂದು ಗಂಡಸರಿಗೆ ಸಾಮಾನ್ಯವಾಗಿ ಕೊಡುವುದು ಶೇಕಡ 5ರದು. ಡ್ರಾಪರಿನ ಗೀಟಿನವರೆಗೆ ಎಳೆದ 1 ಮಿ.ಲೀ. ಬೆಳಗ್ಗೆ, ಅಷ್ಟೇ ರಾತ್ರಿ ಎಂದರೆ 60 ಮಿ.ಲೀ. ಸೀಸೆ ಒಂದು ತಿಂಗಳಿಗೆ ಸರಿಹೋಗುತ್ತದೆ. ಕೂದಲು ಬೇಗ ಬಂದೀತೆಂಬ ಆಸೆಯಿಂದ ಗೀಟು ಮೀರಿ ಸುರಿದುಕೊಂಡವರಿಗೆ ಸೀಸೆ ಮಾತ್ರ ಬೇಗ ಬರಿದಾಗುತ್ತದೆ.

ಮೊದಲ ವಾರಗಳಲ್ಲಿ ಇದ್ದ ಕೂದಲೂ ಒಂದಿಷ್ಟು ಉದುರಬಹುದು. ಫಲ ಕಾಣಲು ನಾಲ್ಕಾರು ತಿಂಗಳಾದರೂ ಬೇಕು. ಕಂಡ ಮೇಲೆ ನಿಲ್ಲಿಸಿದರೋ, ಬಂದದ್ದೆಲ್ಲ ಕೆಲವೇ ತಿಂಗಳಲ್ಲಿ ಹೊರಟುಹೋಗುತ್ತದೆ. ಆದಕಾರಣ ಸೀಸೆಯ ಬೆಲೆಯನ್ನಷ್ಟೇ ನೋಡಿ ನಿರ್ಣಯಿಸುವುದು ತರವಲ್ಲ. ತಿಂಗಳಿಗೆ 700 ರೂಪಾಯಿಯಂತೆ ಹತ್ತು ವರ್ಷಕ್ಕೆ 84,000 ಆಯಿತು. ಅದನ್ನೇ ಶೇಕಡ 7ರ ಬಡ್ಡಿಯ ಆರ್.ಡಿ. ಖಾತೆಗೆ ಕಟ್ಟುತ್ತ ಬಂದಿದ್ದರೆ ಸುಮಾರು 1,20,000 ಕೈಸೇರುತ್ತಿತ್ತು. ನನ್ನ ಪುಸ್ತಕದಲ್ಲಿ ಈ ಬಾಬ್ತು ಹಾಲು, ಪತ್ರಿಕೆ, ವಿದ್ಯುತ್ತುಗಳ ಸಾಲಿನಲ್ಲಿದೆ.

ಶೇಕಡ 5 ಎಂಬ ಅಂಕಿ ಒಂದೇ ಆಗಿದ್ದರೂ ಬೇರೆ ಬೇರೆ ಕಂಪನಿಗಳ ಬೆಲೆಯಲ್ಲಿ ಬಹಳ ಅಂತರವುಂಟು. “ಸ್ವಲ್ಪ ಕಮ್ಮೀದು ಇದ್ರೆ ತೋರ್ಸಿ ಸ್ವಾಮಿ” ಎಂದು ಕೇಳಿದಾಗಲೇ ನಮ್ಮ ಔಷಧದಂಗಡಿಯವರು ಕೆಳಗಿನ ಖಾನೆಗೆ ಕೈಹಾಕಿದ್ದು. ಆದರೆ ದ್ರಾವಣದಲ್ಲಿ ಬೆರೆಸುವ ಪ್ರೊಪಿಲೀನ್ ಗ್ಲೈಕಾಲ್ ನನ್ನ ಚರ್ಮಕ್ಕೆ ಒಗ್ಗದೆ, ತುರಿಕೆಯೂ ಹೊಟ್ಟೂ ಹತ್ತಿ, ಅಂಗಿಯ ಭುಜವೆಲ್ಲ ಬೆಳ್ಳಗಾಗತೊಡಗಿತು. ಅದಿಲ್ಲದ ನೊರೆಯ ರೂಪದ ಔಷಧಕ್ಕೆ ಬೆಲೆ ಹೆಚ್ಚು. ನಾನು ತೆತ್ತೆ, ಈಗಲೂ ತೆರುತ್ತಿದ್ದೇನೆ. ಒಗ್ಗುವವರಿಗೆ ದ್ರಾವಣವೇ ಸಾಕು. ಫಿನಾಸ್ಟರೈಡ್ ಎಂಬ ಇನ್ನೊಂದು ಔಷಧವನ್ನು ಸೇರಿಸಿದ ಸೀಸೆಗಳನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಕೂಡದು, ಗರ್ಭಿಣಿಯರಂತೂ ಅದನ್ನು ಮುಟ್ಟಲೂಬಾರದು. ಮಿನಾಕ್ಸಿಡಿಲ್ ಬೆಕ್ಕುಗಳಿಗೆ ವಿಷವೆಂಬುದನ್ನು, ದಿಂಬಿನ ಮೇಲೆ ಬೆಕ್ಕನ್ನು ಮಲಗಿಸಿಕೊಳ್ಳುವವರ ಸಲುವಾಗಿ ಇಲ್ಲಿಯೇ ಹೇಳಿಬಿಡುತ್ತೇನೆ.

ಇನ್ನು ತೈಲಗಳು. 2015ರಲ್ಲಿ ಪ್ರಕಟವಾದ ಇರಾನಿನ ಒಂದು ಪರೀಕ್ಷೆಯಲ್ಲಿ 100 ಮಂದಿ ಆರು ತಿಂಗಳು ಹಚ್ಚಿಕೊಂಡಾಗ ರೋಸ್‌ಮೇರಿ ಎಣ್ಣೆಯು ಮಿನಾಕ್ಸಿಡಿಲಿಗೆ ಸರಿಸಮನಾಗಿ ತೋರಿತೆಂಬುದು ನಿಜ; ಆದರೆ ಎದುರಿಗಿದ್ದದ್ದು ಶೇಕಡ 2ರ ದುರ್ಬಲ ದ್ರಾವಣ. ಭೃಂಗರಾಜ, ಈರುಳ್ಳಿಗಳ ಹೆಸರಿನ ಸೀಸೆಗಳನ್ನು ನಾನು ಕನ್ನಡಕವೇರಿಸಿಕೊಂಡು ಓದಿದ್ದೇನೆ: “ಕೂದಲುದುರುವಿಕೆಗೆ ತಡೆ” ಎಂಬ ದಪ್ಪಕ್ಷರದ ಪಕ್ಕದಲ್ಲೊಂದು ನಕ್ಷತ್ರ, ಆ ನಕ್ಷತ್ರವನ್ನು ಹಿಡಿದು ತಳಕ್ಕಿಳಿದರೆ ಸಾಸಿವೆಕಾಳಿಗಿಂತ ಸಣ್ಣದಾಗಿ, “ತುಂಡಾಗುವುದರಿಂದ ಉಂಟಾಗುವ” ಎಂಬ ವಿಶೇಷಣ. ಬುಡದಿಂದಲೇ ಕ್ಷೀಣಿಸುತ್ತಿರುವ ಕೂದಲಿಗೂ ಆ ಮಾತಿಗೂ ಸಂಬಂಧವಿಲ್ಲ. ಕೂದಲಿನ ಎಳೆಯನ್ನು ಕಾಪಾಡಲು ಮನೆಯ ಕೊಬ್ಬರಿ ಎಣ್ಣೆಯೇ ಧಾರಾಳವಾಯಿತು.

ಇವೆಲ್ಲಕ್ಕೂ ಮೊದಲು ಚರ್ಮವೈದ್ಯರಿಗೆ ಒಮ್ಮೆ ಶುಲ್ಕ ತೆರುವುದು ಲೇಸು. ಥೈರಾಯ್ಡಿನ ದೋಷದಿಂದಲೋ, ಕಬ್ಬಿಣಾಂಶದ ಕೊರತೆಯಿಂದಲೋ, ಬಾಣಂತನದ ತರುವಾಯವೋ ಉದುರುವ ಕೂದಲಿಗೆ ಚಿಕಿತ್ಸೆಯ ದಾರಿಯೇ ಬೇರೆ; ಬಹುಕಾಲದಿಂದ ನುಣುಪಾಗಿ ಹೊಳೆಯುತ್ತಿರುವ ನೆತ್ತಿಯಲ್ಲಿ ಯಾವ ಲೇಪನವೂ ಹೆಚ್ಚೇನನ್ನೂ ಸಾಧಿಸಲಾರದು. ನನ್ನ ಭಾವನವರಿಗೆ ವೈದ್ಯರು ಇದನ್ನು ಐದೇ ನಿಮಿಷದಲ್ಲಿ ತಿಳಿಸಿ ಕಳುಹಿಸಿದರು. ಶುಲ್ಕವು ನನ್ನ ಒಂದು ತಿಂಗಳ ನೊರೆಯ ಬೆಲೆಗಿಂತ ಕಡಿಮೆಯಿತ್ತು.